ಮಣ್ಣು ಹಸಿ, ಎಲೆ ಬಾಡು

ಮಳೆಗಾಲ ಮುಗಿಯುತ್ತಿದ್ದಂತೆ ನನಗೆ ಬರುವ ಪತ್ರಗಳಲ್ಲಿ ಅರ್ಧದಷ್ಟು ಲೋಳೆಸರದವು. ಎಲ್ಲದರಲ್ಲಿಯೂ ಒಂದೇ ಕಥೆ, ಒಂದೇ ಫೋಟೊ. ಕುಂಡದ ತಳಕ್ಕೆ ತೂತಿರಬೇಕು, ಗಿಡಕ್ಕೆ ಬೆಳಕು ಬೇಕು ಎಂಬುದನ್ನು ಇನ್ನೊಮ್ಮೆ ಬರೆಯುವ ತಾಳ್ಮೆ ನನ್ನಲ್ಲಿ ಉಳಿದಿಲ್ಲ. ಅದರ ಮುಂದಿನದನ್ನು ಹೇಳುತ್ತೇನೆ.

*ಜೂನ್‌ನಲ್ಲಿ ನರ್ಸರಿಯಿಂದ ತಂದ ಲೋಳೆಸರದ ಎಲೆಗಳು ತೆಳ್ಳಗಾಗಿ, ಕಂದು ಬಣ್ಣಕ್ಕೆ ತಿರುಗಿ, ಜೋತು ಬಿದ್ದಿವೆ. ದಿನವೂ ಒಂದು ಲೋಟ ನೀರು ಹಾಕುತ್ತಿದ್ದೆ. ಬಾಡುತ್ತಿರುವುದನ್ನು ನೋಡಿ ಎರಡು ಲೋಟ ಮಾಡಿದೆ. ವಾರಕ್ಕೊಮ್ಮೆ ಅಕ್ಕಿ ತೊಳೆದ ನೀರನ್ನೂ ಕೊಡುತ್ತೇನೆ. ಇನ್ನೇನು ಹಾಕಲಿ? (ಬೆಂಗಳೂರಿನ ಓದುಗರೊಬ್ಬರು)*

ಇನ್ನೇನನ್ನೂ ಹಾಕಬೇಡಿ. ಹಾಕಿದ್ದೇ ಹೆಚ್ಚಾಗಿದೆ.

ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಿ. ಮಣ್ಣು ಒಣಗಿ ಎಲೆ ತೆಳ್ಳಗಾಗಿದ್ದರೆ ಅದು ಬಾಯಾರಿಕೆ. ಒಮ್ಮೆ ಚೆನ್ನಾಗಿ ನೀರು ಕೊಟ್ಟರೆ ಕೆಲವೇ ದಿನಗಳಲ್ಲಿ ಎಲೆ ಮತ್ತೆ ತುಂಬಿಕೊಳ್ಳುತ್ತದೆ. ಮಣ್ಣು ಹಸಿಯಾಗಿದ್ದೂ ಎಲೆ ಬಾಡಿದ್ದರೆ ಕುಡಿಯುವ ಬಾಯಿಯೇ ಇಲ್ಲವೆಂದು ಅರ್ಥ: ಬೇರು ಕೊಳೆತಿದೆ. ಬೇರಿಲ್ಲದ ಗಿಡವೂ ಬಾಯಾರಿದ ಗಿಡದಂತೆಯೇ ಕಾಣುತ್ತದೆ. ನೀವು ಮೋಸ ಹೋಗುವುದು ಇಲ್ಲಿಯೇ. ಬಾಡಿತೆಂದು ನೀರು, ನೀರು ಹಾಕಿದ್ದಕ್ಕೆ ಇನ್ನಷ್ಟು ಕೊಳೆ, ಕೊಳೆತದ್ದಕ್ಕೆ ಇನ್ನಷ್ಟು ಬಾಡು.

ಬೇರಿಗೂ ಉಸಿರಾಟವಿದೆ. ಮಣ್ಣಿನ ಕಣಗಳ ನಡುವೆ ಇರಬೇಕಾದ ಗಾಳಿಯ ಜಾಗವನ್ನು ನೀರು ತುಂಬಿದರೆ ಬೇರು ಉಸಿರು ಕಟ್ಟಿ ಸಾಯುತ್ತದೆ. ಫ್ಯುಸೇರಿಯಂನಂಥ ಶಿಲೀಂಧ್ರಗಳು, ಪೈಥಿಯಂನಂಥ ಶಿಲೀಂಧ್ರವನ್ನು ಹೋಲುವ ಜೀವಿಗಳು ಅಂಥ ಬೇರಿನ ಮೇಲೆ ಸುಲಭವಾಗಿ ಕೈ ಮಾಡುತ್ತವೆ. ಹಾಗಾಗಿ ಮಣ್ಣನ್ನು ಹಸಿಯಾಗಿಯೇ ಇಟ್ಟು ಶಿಲೀಂಧ್ರನಾಶಕ ಸುರಿಯುವುದು, ಸೂರು ಸೋರುತ್ತಿರುವಾಗ ನೆಲ ಒರೆಸುತ್ತ ಕುಳಿತಂತೆ. ‘ಬೇರು ಚಿಗುರಿಸುವ ಟಾನಿಕ್’ ಎಂದು ಬಾಟಲಿ ಮಾರುವವರ ಬಗ್ಗೆ ನಾನು ಬಾಯಿ ಬಿಡದಿರುವುದೇ ಒಳ್ಳೆಯದು.

ಗಿಡವನ್ನು ಬುಡದಲ್ಲಿ ಹಿಡಿದು ಮೆಲ್ಲನೆ ಅಲ್ಲಾಡಿಸಿ. ಸಡಿಲವಾಗಿದ್ದರೆ ಸಂಶಯವೇ ಬೇಡ, ಹೊರಗೆ ತೆಗೆಯಿರಿ. ಗಟ್ಟಿಯಾದ, ಬಿಳಿ ಅಥವಾ ತಿಳಿ ಹಳದಿಯ ಬೇರು ಜೀವಂತ. ಬೆರಳಿನಲ್ಲಿ ಎಳೆದಾಗ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿದರೆ ಅದು ಸತ್ತಿದೆ, ಕತ್ತರಿಸಿ. ಕಾಂಡದ ಬುಡವೂ ಕಂದಾಗಿ ಮೆತ್ತಗಾಗಿದ್ದರೆ ಅಲ್ಲಿಯೂ ಕತ್ತರಿಸುತ್ತ ಮೇಲೆ ಬನ್ನಿ. ಕೊಯ್ದ ಜಾಗದಲ್ಲಿ ಒಂದೇ ಒಂದು ಕಂದು ಚುಕ್ಕೆಯೂ ಉಳಿಯಬಾರದು. ಪ್ರತಿ ಸಲವೂ ಚಾಕುವನ್ನು ಸ್ಪಿರಿಟ್‌ನಿಂದ ಒರೆಸಿಕೊಳ್ಳಿ. ಈ ಘಟ್ಟದಲ್ಲಿ ಎಲ್ಲರಿಗೂ ಕನಿಕರ ಬರುತ್ತದೆ, ‘ಇಷ್ಟು ಸಾಕು’ ಎನಿಸುತ್ತದೆ. ನನಗೂ ಹಾಗೆನಿಸಿ ಅರ್ಧ ಸೆಂಟಿಮೀಟರ್ ಕೊಳೆಯನ್ನು ಬಿಟ್ಟು ನೆಟ್ಟ ಒಂದು ದೊಡ್ಡ ಗಿಡ ಮೂರೇ ವಾರಗಳಲ್ಲಿ ಲೋಳೆಯ ಮುದ್ದೆಯಾಯಿತು. ಅಂದಿನಿಂದ ಈ ವಿಷಯದಲ್ಲಿ ನಾನು ಕಟುಕ.

ಕತ್ತರಿಸಿದ ಮೇಲೆ ನೆಡಬೇಡಿ. ನೆರಳಿನಲ್ಲಿ, ಗಾಳಿಯಾಡುವ ಕಡೆ, ಬರಿ ಕಾಗದದ ಮೇಲೆ ಐದಾರು ದಿನ ಬಿಡಿ. ಕರಾವಳಿ, ಮಲೆನಾಡಿನ ತೇವದಲ್ಲಿ ಹತ್ತು ದಿನವಾದರೂ ಆಗಲಿ, ಗಾಯ ಒಣಗಿ ಗಟ್ಟಿಯಾಗಬೇಕು. ‘ಮಣ್ಣಿಲ್ಲದೆ ಸಾಯುವುದಿಲ್ಲವೇ?’ ಎಂದು ಕೇಳುವವರು ತಮ್ಮ ಬೀದಿಯಲ್ಲೊಮ್ಮೆ ನಡೆದು ಬರಲಿ. ದೃಷ್ಟಿಯಾಗದಿರಲೆಂದು ಬಾಗಿಲ ಮೇಲೆ ಬೇರು ಮೇಲಾಗಿ ಕಟ್ಟಿದ ಲೋಳೆಸರ ತಿಂಗಳುಗಟ್ಟಲೆ ಹಸಿರಾಗಿರುತ್ತದೆ. ಅದಕ್ಕೆ ಯಾರು ಲೋಟದಲ್ಲಿ ನೀರು ಹಾಕುತ್ತಾರೆ? ಅರೇಬಿಯದ ಒಣ ಗುಡ್ಡಗಳ ಗಿಡವಿದು. ನೀರು ಆವಿಯಾಗದಿರಲೆಂದು ಹಗಲು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ತೆರೆಯುತ್ತದೆ. ಅಷ್ಟು ಲೆಕ್ಕಾಚಾರದ ಗಿಡಕ್ಕೆ ನೀವು ದಿನಕ್ಕೆ ಎರಡು ಲೋಟ ಸುರಿದಿರಿ.

ಮರುನೆಡುವಾಗ ನರ್ಸರಿಯ ಮಣ್ಣು ಬೇಡ. ಅದರಲ್ಲಿ ಹೆಚ್ಚಾಗಿ ಇರುವುದು ಕೋಕೋಪೀಟ್ ಎಂಬ ತೆಂಗಿನ ನಾರಿನ ಪುಡಿ, ಅದು ನೀರನ್ನು ಸ್ಪಂಜಿನಂತೆ ಹಿಡಿದಿಡುತ್ತದೆ. ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಇಟ್ಟಿಗೆ ಚೂರು, ಬೇಕಿದ್ದರೆ ಒಂದು ಹಿಡಿ ಹಳೆಯ ಗೊಬ್ಬರ. ಕಲ್ಲು ಪುಡಿ ಮಾಡಿ ತಯಾರಿಸುವ ಎಂ ಸ್ಯಾಂಡ್ ಬಳಸುವುದಾದರೆ ತೊಳೆದು ದೂಳು ತೆಗೆಯಿರಿ, ಇಲ್ಲವಾದರೆ ಗಾರೆಯಂತೆ ಕಟ್ಟಿಕೊಳ್ಳುತ್ತದೆ. ಕುಂಡ ಮಣ್ಣಿನದಾಗಿರಲಿ, ಗಿಡಕ್ಕಿಂತ ತುಸುವೇ ಅಗಲವಿರಲಿ. ನೆಟ್ಟ ಮೇಲೆ ಒಂದು ವಾರ ನೀರು ತೋರಿಸಬೇಡಿ. ಆಮೇಲೆ ತಳದಿಂದ ಹರಿಯುವಷ್ಟು ಕೊಟ್ಟು, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ, ಮಣ್ಣು ಪೂರ್ತಿ ಒಣಗುವವರೆಗೆ ಮರೆತುಬಿಡಿ. ಎಷ್ಟು ದಿನಕ್ಕೊಮ್ಮೆ ಎಂದು ಕೇಳಬೇಡಿ. ಬಳ್ಳಾರಿಯ ಏಪ್ರಿಲ್‌ಗೂ ಮಡಿಕೇರಿಯ ಜುಲೈಗೂ ಒಂದೇ ಲೆಕ್ಕ ಕೊಡಲು ನಾನು ಪಂಚಾಂಗವಲ್ಲ.

*ಎಲೆ ಕತ್ತರಿಸಿ ನೆಟ್ಟೆ, ಬೇರು ಬರಲಿಲ್ಲ.*

ಬರುವುದಿಲ್ಲ, ಕೊಳೆಯುತ್ತದೆ. ಬುಡದಲ್ಲಿ ಏಳುವ ಮರಿಗಳನ್ನು ಬೇರುಸಹಿತ ಬಿಡಿಸಿ ನೆಡಿ.

*ಎಲೆಗಳ ಮೇಲೆ ಬಿಳಿ ಚುಕ್ಕೆಗಳಿವೆ, ರೋಗವೇ?*

ಬೆರಳಿನಿಂದ ಒರೆಸಿ. ಹೋಗದಿದ್ದರೆ ಅದು ಎಳೆಯ ಗಿಡದ ಸಹಜ ಗುರುತು. ಹತ್ತಿಯಂತೆ ಅಂಟಿಕೊಂಡು ಬಂದರೆ ಹಿಟ್ಟು ತಿಗಣೆ, ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಎಲೆಯ ಸಂದುಗಳನ್ನೂ ಒರೆಸಿ ತೆಗೆಯಿರಿ.

*ತಾರಸಿಗೆ ಒಯ್ದ ಮೇಲೆ ಗಿಡ ಕೆಂಪಾಗಿದೆ.*

ನಡುಮನೆಯಲ್ಲಿ ಬೆಳೆದದ್ದನ್ನು ಒಮ್ಮೆಲೇ ಬಿಸಿಲಿಗೆ ನೂಕಿದ್ದೀರಿ. ಅರೆನೆರಳಿಗೆ ತನ್ನಿ, ಹಸಿರು ಮರಳುತ್ತದೆ.

*ಹೊಲದ ಬದುವಿನ ಲೋಳೆಸರದ ರಸ ಹಚ್ಚಿಕೊಂಡೆ, ತೋಳೆಲ್ಲ ತುರಿಕೆ. (ಚಿತ್ರದುರ್ಗ)*

ನೀವು ಕಳುಹಿಸಿದ ಚಿತ್ರದಲ್ಲಿರುವುದು ಕತ್ತಾಳೆ. ಅದರ ರಸದಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿರುತ್ತವೆ. ಲೋಳೆಸರದ ಎಲೆ ಮುರಿದರೆ ಲೋಳೆ ಸಿಗುತ್ತದೆ, ಕತ್ತಾಳೆಯದ್ದು ಮುರಿದರೆ ನಾರು. ಕತ್ತಾಳೆಯ ಎಲೆತುದಿಯಲ್ಲಿ ಗಟ್ಟಿ ಮುಳ್ಳಿರುತ್ತದೆ. ಇದು ಗೊತ್ತಿಲ್ಲದವರು ಬದುವಿನಲ್ಲಿ ಸಿಕ್ಕಿದ್ದನ್ನು ಮೈಗೆ ಹಚ್ಚಿಕೊಳ್ಳಬಾರದು. ತುರಿಕೆ ನಿಲ್ಲದಿದ್ದರೆ ಚರ್ಮದ ವೈದ್ಯರ ಬಳಿ ಹೋಗಿ, ನನ್ನ ಬಳಿ ಅಲ್ಲ.

*ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಎಲೆಯ ರಸ ಕುಡಿದರೆ ಸಕ್ಕರೆ ಕಾಯಿಲೆ ಹೋಗುತ್ತದಂತೆ?*

‘ಅಂತೆ’ ಎಂದು ನೀವೇ ಬರೆದಿದ್ದೀರಿ. ಎಲೆ ಕೊಯ್ದಾಗ ಸಿಪ್ಪೆಯ ಕೆಳಗಿನಿಂದ ಇಳಿಯುವ ಕಹಿ ಹಳದಿ ರಸವನ್ನು ಒಣಗಿಸಿದರೆ ಸಿಗುವುದೇ ಕರಿಬೋಳ, ಅದು ಕಟು ಭೇದಿ ಔಷಧಿ. ಆ ರಸ ಬೆರೆತಿರುವ ಭೇದಿ ಮಾತ್ರೆಗಳನ್ನು ಅಂಗಡಿಯಲ್ಲಿ ಚೀಟಿಯಿಲ್ಲದೆ ಮಾರುವುದನ್ನು ಅಮೆರಿಕ 2002ರಲ್ಲಿಯೇ ನಿಲ್ಲಿಸಿತು. ಇಡೀ ಎಲೆಯನ್ನು ಮಿಕ್ಸಿಗೆ ಹಾಕಿ ಕುಡಿಯಿರಿ ಎನ್ನುವವನು ವೈದ್ಯನಲ್ಲ. ಬಸುರಿಯರಂತೂ ಅದರ ಹತ್ತಿರ ಹೋಗಲೇಬಾರದು.

*ರಾತ್ರಿ ಆಮ್ಲಜನಕ ಕೊಡುತ್ತದೆಂದು ಮಲಗುವ ಕೋಣೆಯಲ್ಲಿ ಆರು ಕುಂಡ ಇಟ್ಟಿದ್ದೇನೆ.*

ರಾತ್ರಿ ಅದು ಇಂಗಾಲದ ಡೈಆಕ್ಸೈಡ್ ಒಳಗೆ ತೆಗೆದುಕೊಳ್ಳುತ್ತದೆ, ಆಮ್ಲಜನಕ ಬಿಡುವುದು ಬೆಳಕಿದ್ದಾಗ. ಆರೂ ಕುಂಡಗಳನ್ನು ಕಿಟಕಿಗೆ ಒಯ್ಯಿರಿ, ಕೋಣೆಯಲ್ಲಿ ಓಡಾಡಲು ಜಾಗವಾದರೂ ಆಗುತ್ತದೆ.