ಹಣ ಈಗ, ಆಟ ಮುಂದಿನ ವರ್ಷ

ಪ್ರಶ್ನೆ: ನಮ್ಮ ಮನೆಯಲ್ಲಿ ಎಲ್ಲರೂ ಚೌಕಾಬಾರ ಆಡುವವರೇ. ಈಗ ಮಗಳು, ಹೊಸ ಯೋಜನೆಗಳಿಗೆ ಜನರಿಂದ ಹಣ ಸಂಗ್ರಹಿಸಿಕೊಡುವ ಜಾಲತಾಣವಾದ ಕಿಕ್‌ಸ್ಟಾರ್ಟರ್‌ನಲ್ಲಿ ಹಣ ಕೂಡಿಸುತ್ತಿರುವ ವಿದೇಶಿ ಬೋರ್ಡ್ ಗೇಮ್ ಒಂದಕ್ಕೆ 7,000 ರೂಪಾಯಿ ಕಟ್ಟೋಣ ಎನ್ನುತ್ತಿದ್ದಾಳೆ. ಆಟ ಕೈಸೇರುವುದು ಮುಂದಿನ ವರ್ಷವಂತೆ. ಕಟ್ಟಬಹುದೇ?
— ಓದುಗರು, ಎಸ್.ಎಸ್. ಪುರಂ, ತುಮಕೂರು

ಉತ್ತರ: ಇದು ಅಂಗಡಿಯಲ್ಲಿ ಕೊಂಡಂತಲ್ಲ ಎಂಬುದನ್ನು ಮೊದಲು ಮನಗಾಣಿರಿ. ನಿಗದಿತ ಗುರಿಯಷ್ಟು ಹಣ ಕೂಡದಿದ್ದರೆ ಕಿಕ್‌ಸ್ಟಾರ್ಟರ್ ಯಾರಿಂದಲೂ ಹಣ ಕಡಿತ ಮಾಡುವುದಿಲ್ಲ. ಆದರೆ ಗುರಿ ಮುಟ್ಟಿ ಅವಧಿ ಮುಗಿದ ಮೇಲೆ, ಶೇ. 5ರಷ್ಟು ಶುಲ್ಕ ಮತ್ತು ಪಾವತಿ ವೆಚ್ಚ ಕಳೆದು ಉಳಿದದ್ದು ಆಟ ರೂಪಿಸಿದವರ ಕೈಸೇರುತ್ತದೆ, ಆಟ ಬಾರದಿದ್ದರೆ ಆ ತಾಣ ಹಣ ತುಂಬಿಕೊಡುವುದಿಲ್ಲ. ನಾನು ಹಿಂದೊಮ್ಮೆ ಹೀಗೆ ಕಟ್ಟಿದ ಆಟ, ಹೇಳಿದ್ದಕ್ಕಿಂತ ಹದಿನಾಲ್ಕು ತಿಂಗಳು ತಡವಾಗಿ, ಮೂಲೆ ಜಜ್ಜಿದ ಪೆಟ್ಟಿಗೆಯಲ್ಲಿ ಬಂದಿತು.

ಆದ್ದರಿಂದ ಚಿತ್ರಗಳ ಚೆಲುವಿಗೆ ಮಾರುಹೋಗದೆ ನಿಯಮ ಪುಸ್ತಕವನ್ನು ಓದಿರಿ. ಆಟ ರೂಪಿಸಿದವರಲ್ಲಿ ಅನೇಕರು, ಮನೆಯಲ್ಲೇ ಮುದ್ರಿಸಿಕೊಂಡು ಆಡುವ ಪ್ರತಿಯನ್ನು ಉಚಿತವಾಗಿ ಕೊಡುತ್ತಾರೆ. ಅದನ್ನು ಕತ್ತರಿಸಿ, ಕಾಯಿಗಳ ಬದಲು ಹುಣಸೆಬೀಜಗಳನ್ನಿಟ್ಟು (ತುಮಕೂರಿನಲ್ಲಿ ಅದಕ್ಕೆ ಬರವಿಲ್ಲ) ಮನೆಮಂದಿ ಎರಡು ಸಂಜೆ ಆಡಿ ನೋಡಿರಿ. ಮೂರನೆಯ ಸಂಜೆಯೂ ಮಗಳು ತಾನಾಗಿ ಹಾಸು ಬಿಚ್ಚಿದರೆ ಆಟದಲ್ಲಿ ಸತ್ವವಿದೆ ಎಂದೇ ನನ್ನ ಎಣಿಕೆ.

ಸಾಗಣೆ ವೆಚ್ಚವನ್ನು ಹಲವರು ಆಮೇಲೆ ಪ್ರತ್ಯೇಕವಾಗಿ ಕೇಳುತ್ತಾರೆ. ಭಾರತಕ್ಕೆ ಬಂದಾಗ ಸೀಮಾ ಸುಂಕ, ಜಿಎಸ್‌ಟಿ ಬೇರೆ. ಇವನ್ನು ಕೂಡಿಸಿದ ಮೊತ್ತವನ್ನು ಒಂದು ವರ್ಷ ಮರೆತಿರಲು ಸಾಧ್ಯವಿದ್ದು, ರೂಪಿಸಿದವರು ಹಿಂದೆ ಒಂದಾದರೂ ಆಟವನ್ನು ತಲುಪಿಸಿದ್ದರೆ ಕಟ್ಟಿರಿ. ಇಲ್ಲವಾದರೆ ಅದು ಅಂಗಡಿಗೆ ಬರುವವರೆಗೆ ಕಾಯಲು ಮಗಳಿಗೆ ಹೇಳಿರಿ.