ದಡಿಯ ಬಣ್ಣ ಆಮೇಲೆ, ಮೊದಲು ಟೇಪು ಹಿಡೀರಿ

ಕೌದಿ ಅಂದರೆ ಹಳೆಯ ಬಟ್ಟೆಯ ತುಂಡು ಜೋಡಿಸಿ ಪದರ ಪದರವಾಗಿ ಹೊಲಿದ ಹೊದಿಕೆ, ದಡಿ ಅಂದರೆ ಅದರ ಸುತ್ತ ಹಚ್ಚುವ ಅಂಚಿನ ಪಟ್ಟಿ. ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಮಾತು: "ಕೌದಿ ಮ್ಯಾಲಿನ ಪದರ ಮುಗಿದೈತ್ರಿ, ದಡಿಗೆ ಯಾವ ಬಣ್ಣ ಹಾಕ್ಲಿ?" ಜೊತೆಗೊಂದು ಫೋಟೊ. ಮಂಚದ ಮೇಲೆ ಮುದುಡಿ ಬಿದ್ದ ಕೌದಿ, ಅದರ ಮೇಲೆ ಟ್ಯೂಬ್‌ಲೈಟಿನ ಬೆಳಕು. ಅಳತೆ ಮಾತ್ರ ಒಬ್ಬಳನ್ನು ಬಿಟ್ಟರೆ ಯಾರೂ ಬರೆದಿಲ್ಲ. ಫೋಟೊ ನೋಡಿ ಬಣ್ಣ ಹೇಳುವುದು ನನ್ನಿಂದ ಆಗುವುದಿಲ್ಲ, ಹೇಳುವವರನ್ನು ನಾನು ನಂಬುವುದೂ ಇಲ್ಲ. ತೇಪೆ ಜೋಡಿಸುವುದು, ಟಾಕಾ ಹಾಕುವುದು ಇವನ್ನೆಲ್ಲ ಇಲ್ಲಿ ಹೇಳಿಕೊಡುವುದಿಲ್ಲ. ಮೇಲಿನ ಪದರ ಮುಗಿಸಿದವರಿಗೆ ಅಷ್ಟು ಬರುತ್ತದೆ ಎಂದು ತಿಳಿದೇ ಬರೆಯುತ್ತಿದ್ದೇನೆ.

ಪ್ರಶ್ನೆ: ತೀರಿಕೊಂಡ ಅವ್ವನ ಹಳೆಯ ನೂಲಿನ ಸೀರೆಗಳಿಂದ ಆರಾರು ಇಂಚಿನ ಚೌಕ ಮಾಡಿ ಕೌದಿಯ ಮೇಲಿನ ಪದರ ಹೊಲಿದಿದ್ದೇನೆ. ಅಡ್ಡ ಒಂಬತ್ತು, ಉದ್ದ ಹನ್ನೆರಡು ಚೌಕ. ಅವ್ವನ ಒಂದು ಇಳಕಲ್ ಸೀರೆಯನ್ನು ಕತ್ತರಿಸದೆ ಇಟ್ಟುಕೊಂಡಿದ್ದೇನೆ, ಆರು ವಾರಿಯದು. ಅದರ ಕೆಂಪು ದಡಿಯನ್ನೇ ಸುತ್ತಲೂ ಹಚ್ಚಬೇಕೆಂಬ ಆಸೆ. ದಡಿ ಐದು ಇಂಚು ಅಗಲ ಇದೆ, ಹೆಚ್ಚಾಯಿತೇ? ಸಾಲುತ್ತದೆಯೇ? ಕೆಂಪು ಒಪ್ಪುತ್ತದೆಯೇ? ಪಕ್ಕದ ಮನೆಯವರು ಉಪ್ಪಿನ ನೀರಲ್ಲಿ ನೆನೆಸಿದರೆ ಬಣ್ಣ ಬಿಡುವುದಿಲ್ಲ ಅನ್ನುತ್ತಾರೆ. ಎಡ ಅಂಚು ಅಳೆದರೆ 73½ ಇಂಚು, ಬಲ ಅಂಚು 73. ಯಾವುದನ್ನು ಹಿಡಿಯಲಿ? (ಜಮಖಂಡಿ)

ಉತ್ತರ: ತಂಗಿ, ಅಳತೆ ಬರೆದು ಕಳಿಸಿದವಳು ನೀನೊಬ್ಬಳೇ. ಅದಕ್ಕೇ ಈ ಸಲದ ಹೆಚ್ಚಿನ ಜಾಗ ನಿನಗೆ. ಆದರೆ ನೀನು ಬರೆದ ಎರಡು ಅಳತೆಯಲ್ಲಿ ಯಾವುದನ್ನೂ ಹಿಡಿಯಬೇಡ.

ರೊಟ್ಟಿ ಬಡಿಯುವಾಗ ಅಂಚು ಒಡೆದರೆ ಅಂಚನ್ನು ಬೈದು ಫಲವಿಲ್ಲ, ತಪ್ಪು ಹಿಟ್ಟು ನಾದಿದ್ದರಲ್ಲಿ ಇರುತ್ತದೆ. ಕೌದಿಯದೂ ಹಾಗೇ. ಉದ್ದಕ್ಕೆ ಹನ್ನೆರಡು ಚೌಕ ಅಂದರೆ ನಡುವೆ ಹನ್ನೊಂದು ಹೊಲಿಗೆ. ಒಂದೊಂದು ಹೊಲಿಗೆಯಲ್ಲಿ ಇಂಚಿನ ಎಂಟನೇ ಒಂದು ಪಾಲು ಆಚೀಚೆ ಆದರೂ ಒಟ್ಟು ಒಂದೂ ಕಾಲು ಇಂಚಿನ ಮೇಲೆ ಹೋಯಿತು. ಮೇಲಾಗಿ ನಡುವಿನ ಚೌಕಕ್ಕೆ ನಾಲ್ಕೂ ಕಡೆ ನೆರೆಯವರ ಹಿಡಿತ ಇರುತ್ತದೆ, ಅಂಚಿನದಕ್ಕೆ ಒಂದು ಮಗ್ಗುಲು ಬಯಲು. ಎತ್ತುವಾಗ, ಮಡಚುವಾಗ, ಇಸ್ತ್ರಿ ಎಳೆಯುವಾಗ ಜಗ್ಗುವುದು ಅದೇ. ನಿನ್ನ ಲೆಕ್ಕದಲ್ಲಿ ಉದ್ದ 72 ಆಗಬೇಕಿತ್ತು, ಅಂಚು 73½ ತೋರಿಸುತ್ತಿದೆ. ಆ ಒಂದೂವರೆ ಇಂಚು ಜಗ್ಗಿದ್ದು, ನಿಜವಾದ ಉದ್ದವಲ್ಲ.

ಕೌದಿಯನ್ನು ಮಂಚದಿಂದ ಇಳಿಸು. ಕಸ ಹೊಡೆದ ನೆಲದ ಮೇಲೆ ಹಾಸಿ, ಅಂಗೈಯಿಂದ ಸವರಿ ಸಪಾಟು ಮಾಡು, ಎಳೆಯಬೇಡ. ಟೇಪನ್ನು ನಟ್ಟನಡುವೆ ಒಂದು ಸಲ, ಎಡ ಬಲ ಅಂಚಿನಿಂದ ಒಂದೊಂದು ಗೇಣು ಒಳಗೆ ಒಂದೊಂದು ಸಲ ಇಟ್ಟು ಅಳೆ. ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸು. ಬಂದದ್ದೇ ದಡಿಯ ಉದ್ದ. 72 ಬಂತೆಂದು ಇಟ್ಟುಕೊಳ್ಳೋಣ. 72 ಇಂಚಿನ ಎರಡು ಪಟ್ಟಿಯನ್ನು ಮೊದಲೇ ಕತ್ತರಿಸಿ ಇಟ್ಟುಕೋ. ಉದ್ದ ಪಟ್ಟಿಯನ್ನು ಒಂದು ಮೂಲೆಯಿಂದ ಹೊಲಿಯುತ್ತ ಹೋಗಿ ಕೊನೆಗೆ ಉಳಿದದ್ದನ್ನು ಕತ್ತರಿಸುವ ಚಾಳಿ ಇದೆಯಲ್ಲ, ನವನಗರದ ನನ್ನ ಮನೆಗೆ ರಿಪೇರಿಗೆ ಬರುವ ಕೌದಿಗಳಲ್ಲಿ ಅರ್ಧಕ್ಕರ್ಧ ಅದರದೇ ಬಲಿ. ನೆಲಕ್ಕೆ ಹಾಸಿದರೆ ನಡು ಕೂತಿರುತ್ತದೆ, ಅಂಚು ಬಿಸಿಲಿಗೆ ಒಣಗಿದ ಹಪ್ಪಳದಂತೆ ಎದ್ದೆದ್ದು ನಿಂತಿರುತ್ತದೆ. "ಇಸ್ತ್ರಿ ಮಾಡಿದ್ರ ಕೂಡ್ತೈತೇನ್ರಿ?" ಎಂದು ಕೇಳುತ್ತಾರೆ. ಕೂಡುವುದಿಲ್ಲ. ಬಿಚ್ಚಬೇಕು. ನಾನೂ ಒಂದು ಸಲ ಅವಸರದಲ್ಲಿ ತಮ್ಮನ ಮಗಳ ಮದುವೆಯ ಕೌದಿಗೆ ಹೀಗೇ ಹೊಲಿದು, ಎರಡು ರಾತ್ರಿ ಬ್ಲೇಡು ಹಿಡಿದು ಬಿಚ್ಚಿದ್ದೇನೆ.

ಇನ್ನು 73½ ಇಂಚಿನ ಅಂಚನ್ನು 72 ಇಂಚಿನ ದಡಿಗೆ ಕೂಡಿಸುವುದು. ಎರಡನ್ನೂ ಅರ್ಧಕ್ಕೆ, ಮತ್ತೆ ಅರ್ಧಕ್ಕೆ ಮಡಚಿ ಗುರುತು ಮಾಡು. ಗುರುತಿಗೆ ಗುರುತು ಕೂಡಿಸಿ ಟಾಚಣಿ ಚುಚ್ಚು, ನಡುವಿನ ಸಡಿಲನ್ನು ಬೆರಳಿಂದ ಸಮನಾಗಿ ಹಂಚಿ ಇನ್ನಷ್ಟು ಟಾಚಣಿ ಹಾಕು. ಒಂದೊಂದು ಅಡಿ ಉದ್ದಕ್ಕೆ ಕಾಲು ಇಂಚು ಸಡಿಲು ಅಷ್ಟೇ, ಹಳೆಯ ನೂಲಿನ ಅರಿವಿ ಅದನ್ನು ನುಂಗುತ್ತದೆ. ಹೊಲಿಯುವಾಗ ಸಡಿಲ ಇರುವ ಕೌದಿ ಕೆಳಗಿರಲಿ, ದಡಿ ಮೇಲಿರಲಿ. ಮಷೀನಿನ ಹಲ್ಲು ಕೆಳಗಿನ ಅರಿವಿಯನ್ನು ತುಸು ಬೇಗ ಎಳೆದುಕೊಳ್ಳುತ್ತದೆ, ಸಡಿಲೆಲ್ಲ ಅಲ್ಲೇ ಕರಗುತ್ತದೆ. ತಿರುಗಾ ಮುರುಗಾ ಇಟ್ಟರೆ ಕೊನೆಗೆ ನೆರಿಗೆ ಬಿದ್ದೇ ಬೀಳುತ್ತದೆ. ವ್ಯತ್ಯಾಸ ಎರಡು ಇಂಚು ದಾಟಿದ್ದರೆ ಮಾತ್ರ ದಡಿಯ ಗೊಡವೆ ಬಿಟ್ಟು ಚೌಕಗಳ ಹೊಲಿಗೆಯನ್ನೇ ಬಿಚ್ಚಿ ನೋಡಬೇಕು.

ಎರಡು ಉದ್ದ ಮಗ್ಗುಲು ಮುಗಿದ ಮೇಲೆ ಅಡ್ಡ ಅಳತೆಯನ್ನು ಹೊಸದಾಗಿ ತೆಗೆ, ಮತ್ತೆ ನಡುವಿನಲ್ಲೇ. ಒಂಬತ್ತು ಚೌಕದ 54ಕ್ಕೆ ಎರಡು ಕಡೆಯ ಐದೈದು ಕೂಡಿ 64ರ ಹತ್ತಿರ ಬರುತ್ತದೆ.

ಸಾಲುತ್ತದೆಯೇ? 72ರ ಎರಡು, 64ರ ಎರಡು, ಒಟ್ಟು 272 ಇಂಚು. ಆರು ವಾರಿ ಅಂದರೆ 216 ಇಂಚು. ಸೆರಗಿಗೆ ಒಂದು ವಾರಿ ಬಿಟ್ಟರೂ ಒಂದೊಂದು ದಡಿಯಲ್ಲಿ 180 ಇಂಚು ಸಿಗುತ್ತದೆ, ನಿನಗೆ ಬೇಕಾದದ್ದು ಒಂದೊಂದರಿಂದ 136. ಸೆರಗಿಗೆ ಕತ್ತರಿ ಹಾಕಬೇಡ. ಟೋಪಿ ತೆನೆ ಎಂಬ ಇಳಕಲ್ ವಿನ್ಯಾಸದ ಸೆರಗನ್ನು ಮೈಗೆ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿದ ನೇಕಾರನ ಕೆಲಸ ಅದು, ಅದನ್ನು ಮಡಚಿ ಪೆಟ್ಟಿಗೆಯಲ್ಲಿ ಇಡು.

ಇಲ್ಲಿ ಯಾರೂ ಕೇಳದ ಒಂದು ಸಂಗತಿ ಇದೆ. ಒಂದು ಸೀರೆಯ ಎರಡು ದಡಿ ಒಂದೇ ಥರ ಸವೆದಿರುವುದಿಲ್ಲ. ಒಂದು ನಡುವಿಗೆ ಸಿಕ್ಕಿಸಿದ್ದು, ಇನ್ನೊಂದು ಇಪ್ಪತ್ತು ವರ್ಷ ನೆಲ ಗುಡಿಸಿದ್ದು. ಕಿಟಕಿಯ ಬೆಳಕಿಗೆ ಹಿಡಿದು ನೋಡು, ನೆಲ ಕಂಡ ದಡಿಯ ಕಡೆಯ ಎರಡು ಬೆರಳಗಲ ಜಾಳಾಗಿರುತ್ತದೆ. ಎರಡು ಹೆಬ್ಬೆರಳ ನಡುವೆ ಹಿಡಿದು ಜಗ್ಗು. ಚರ್ ಎಂದರೆ ಆ ಭಾಗ ಬೇಡ. ಗಟ್ಟಿ ದಡಿಯನ್ನು ತಲೆದಿಂಬಿನ ಕಡೆಗೂ ಮಂಚ ಇಳಿಯುವ ಮಗ್ಗುಲಿಗೂ ಹಚ್ಚು. ರಾತ್ರಿ ಗಲ್ಲದ ತನಕ ಎಳೆದುಕೊಳ್ಳುವುದು ಆ ಕಡೆಯಿಂದ. ಸವೆದದ್ದು ಕಾಲ ಕಡೆಗೂ ಗೋಡೆ ಕಡೆಗೂ ಹೋಗಲಿ, ಒಳಗೊಂದು ಮಲ್ ಬಟ್ಟೆಯ ಪಟ್ಟಿ ಕೊಡು. ದಡಿಯನ್ನು ಕತ್ತರಿಸುವಾಗ ಗೆರೆಗೆ ಸರಿಯಾಗಿ ಕತ್ತರಿಸದೆ ಸೀರೆಯ ಮೈಯ ಅರ್ಧ ಇಂಚು ಬಿಡು, ಹೊಲಿಗೆ ಆ ಅರ್ಧ ಇಂಚಿನಲ್ಲಿ ಕೂರಲಿ. ದಡಿಯಲ್ಲಿ ಇರುವುದು ಹೆಚ್ಚಾಗಿ ಚಮಕಾ, ಅಂದರೆ ಕೃತಕ ರೇಷ್ಮೆ, ಕತ್ತರಿ ತಾಗಿದ ಕಡೆ ಎಳೆ ಎಳೆಯಾಗಿ ಬಿಚ್ಚುತ್ತದೆ.

ಒಂದು ಲಾಭವೂ ಇದೆ. ಸೀರೆಯ ದಡಿ ಉದ್ದಕ್ಕೂ ಹಾಸಿನ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಕಟ್ಟಿದ, ಎಳೆಯ ಮೇಲೆ ಇರುತ್ತದೆ, ಹಾಸು ಜಗ್ಗುವುದಿಲ್ಲ. ಅಂಗಡಿಯವರು ಥಾನಿನ ಅಡ್ಡಕ್ಕೆ ಹರಿದು ಕೊಡುವ ಪಟ್ಟಿಗೆ ಅಡ್ಡ ನೇಯ್ದ ಹೊಕ್ಕಿನ ಎಳೆ ಉದ್ದಕ್ಕೆ ಬರುತ್ತದೆ, ತುಸು ಜಗ್ಗುತ್ತದೆ. ಕ್ರಾಸಿನಲ್ಲಿ ಕತ್ತರಿಸಿದ್ದಂತೂ ರಬ್ಬರು.

ಐದು ಇಂಚು ಹೆಚ್ಚಲ್ಲ. ಚೌಕ ಆರು ಇಂಚಿನದಾದರೆ ದಡಿ ಅದಕ್ಕಿಂತ ತುಸು ಸಣ್ಣದಿರುವುದು ಕಣ್ಣಿಗೆ ಹಿತ. ಮೂರು ಇಂಚಿನ ಚೌಕದ ಕೌದಿಗೆ ಇದೇ ದಡಿ ಹಚ್ಚಿದ್ದರೆ ಸಣ್ಣ ಫೋಟೊಕ್ಕೆ ದೊಡ್ಡ ಕಟ್ಟು ಹಾಕಿದಂತೆ ಆಗುತ್ತಿತ್ತು. ಚೌಕಕ್ಕೂ ದಡಿಗೂ ನಡುವೆ ಒಂದು ಇಂಚಿನ ಸಾದಾ ಪಟ್ಟಿ, ಕಪ್ಪು ಅಥವಾ ಗಾಢ ಹಸಿರು, ಕೊಡು ಎಂದು ನನ್ನ ಸಲಹೆ. ಇದು ನನ್ನ ಬುದ್ಧಿಯಲ್ಲ. ಇಳಕಲ್ ಸೀರೆಯನ್ನೇ ಬಿಡಿಸಿ ನೋಡು: ದಡಿಯ ವಿನ್ಯಾಸ ಗೋಮಿ ಇರಲಿ, ಗಾಡಿ ಇರಲಿ, ಪರಾಸಪೇಟಿ ಇರಲಿ, ಮೈ ಮುಗಿದ ಕೂಡಲೇ ಗದ್ದಲದ ದಡಿ ಧುಮುಕುವುದಿಲ್ಲ, ನಡುವೆ ಸಣ್ಣ ಗೆರೆ ಇರುತ್ತದೆ. ಪಟ್ಟಿ ಕೊಟ್ಟರೆ ಅಡ್ಡ ಅಳತೆ ಎರಡು ಇಂಚು ಬೆಳೆಯುತ್ತದೆ, ಉದ್ದವೂ ಅಷ್ಟೇ. ನಿನ್ನ ದಡಿಯಲ್ಲಿ ಅಷ್ಟು ಜಾಸ್ತಿ ಇದೆ.

ಈಗ ಬಣ್ಣ. ಒಗೆದು ಒಗೆದು ತಿಳಿಯಾದ ಸೀರೆಗಳ ನಡುವೆ ದಾಳಿಂಬೆ ಕೆಂಪು ಎದ್ದು ಕಾಣುತ್ತದೆ, ಅದು ತಪ್ಪಲ್ಲ. ಆದರೆ ಕೌದಿಯೊಳಗೆ ಎಲ್ಲಿಯೂ ಕೆಂಪು ಇಲ್ಲದಿದ್ದರೆ ದಡಿ ಬೇರೆ ಮನೆಯಿಂದ ಬಂದಂತೆ ಕೂಡುತ್ತದೆ. ನಾಲ್ಕೈದು ಚೌಕದಲ್ಲಾದರೂ ಕೆಂಪಿನ ಎಳೆ ಇದೆಯೇ ನೋಡು. ದಡಿಯನ್ನು ಹೊಲಿಯದೆ ಸುಮ್ಮನೆ ಸುತ್ತ ಇಟ್ಟು, ಕುರ್ಚಿ ಹತ್ತಿ ಫೋನಿನಲ್ಲಿ ಫೋಟೊ ತೆಗೆ, ಅದನ್ನು ಕಪ್ಪು ಬಿಳುಪು ಮಾಡು. ದಡಿಯೂ ಚೌಕವೂ ಒಂದೇ ಬೂದಿಯಾಗಿ ಕಂಡರೆ ದಡಿ ಹಾಕಿಯೂ ಹಾಕದಂತೆ. ಗಾಢವಾಗಿ ಕಂಡರೆ ಸರಿ. ಹಗಲಿನಲ್ಲಿ ಮಾಡು, ಟ್ಯೂಬ್‌ಲೈಟಿಗೆ ಬೇಡ.

ಉಪ್ಪಿನ ಮಾತು ಕೇಳಿ ಕೇಳಿ ನನಗೆ ರಕ್ತದೊತ್ತಡ. ಬಣ್ಣದ ಬಾನಿಯಲ್ಲಿ ನೂಲು ಅದ್ದುವಾಗ ಉಪ್ಪು ಬಣ್ಣವನ್ನು ನೂಲಿನ ಕಡೆ ತಳ್ಳುತ್ತದೆ, ಅದು ಬಣ್ಣಗಾರನ ಕೆಲಸ. ನೇಯ್ದು, ಉಟ್ಟು, ಹಳೆಯದಾದ ಸೀರೆ ಬಿಡುವ ಬಣ್ಣವನ್ನು ನಿಮ್ಮ ಅಡುಗೆಮನೆಯ ಉಪ್ಪು ಕಟ್ಟಿಹಾಕುವುದಿಲ್ಲ. ವಿನೆಗರೂ ಇಲ್ಲ, ಪಟಕವೂ ಇಲ್ಲ. ಬಿಳಿ ಚಿಂದಿಯನ್ನು ನೆನೆಸಿ ಹಿಂಡಿ, ದಡಿಯ ಮೇಲೆ ಹತ್ತು ಸಲ ತಿಕ್ಕು. ಗುಲಾಬಿ ಬಂದರೆ ದಡಿಯನ್ನು ಕೌದಿಗೆ ತಾಗಿಸುವ ಮೊದಲೇ ಬೇರೆ ಬಕೇಟಿನಲ್ಲಿ ಸಾಬೂನಿನ ನೀರಿನಲ್ಲಿ ಅದ್ದಿ ಅದ್ದಿ ತೆಗೆ, ನೀರು ತಿಳಿಯಾಗುವ ತನಕ. ಐದು ನೀರಿಗೂ ಬಿಡುತ್ತಿದ್ದರೆ ಆಸೆ ಬಿಡು, ಅವ್ವನ ಸೀರೆಯಾದರೂ ಸರಿಯೇ. ಚಮಕಾ ಹಸಿಯಾದಾಗ ಬಲ ಕಳೆದುಕೊಳ್ಳುತ್ತದೆ, ಹಿಂಡಬೇಡ, ಕಲ್ಲಿಗೆ ಬಡಿಯಬೇಡ.

ಮೂಲೆಗಳನ್ನು ಫೋಟೊ ಕಟ್ಟಿನಂತೆ ಓರೆಯಾಗಿ ಕೂಡಿಸುವ ಹುಚ್ಚು ಈಗ ಹೆಚ್ಚಾಗಿದೆ. ಹೊಸ ಅರಿವಿಗೆ ಮಾಡಿ. ಹಳೆಯ ದಡಿಯನ್ನು ಓರೆಯಾಗಿ ಕತ್ತರಿಸಿದರೆ ಆ ಕತ್ತರಿಯ ಜಾಗವೇ ಮೊದಲು ಸೀಳುತ್ತದೆ. ನೇರ ಮೂಲೆ ಸಾಕು.

ಪ್ರಶ್ನೆ: ಜನ್ಮನಕ್ಷತ್ರದ ಪ್ರಕಾರ ದಡಿಯ ಬಣ್ಣ ಹೇಳಿ ಪಟ್ಟಿಯನ್ನೂ ತಾವೇ ಮಾರುವವರೊಬ್ಬರು ಸಿಕ್ಕಿದ್ದಾರೆ. ಕೊಳ್ಳಬಹುದೇ? (ವಿಜಯಪುರ)

ಉತ್ತರ: ನಿಮ್ಮ ನಕ್ಷತ್ರ ಯಾವುದೇ ಇರಲಿ, ಅವರ ಅಂಗಡಿಯಲ್ಲಿ ಉಳಿದ ಥಾನಿನ ಬಣ್ಣವೇ ಬರುತ್ತದೆ.

ಪ್ರಶ್ನೆ: ಕೂಸಿನ ಕೌದಿಗೆ ಕಪ್ಪು ದಡಿ ಹಾಕಬಾರದೆಂದು ಅತ್ತೆ ಹೇಳುತ್ತಾರೆ.

ಉತ್ತರ: ಅತ್ತೆಯವರ ಪೆಟ್ಟಿಗೆಯಲ್ಲಿ ಚಂದ್ರಕಾಳಿ ಸೀರೆ ಇದೆಯೇ ಕೇಳಿ. ಅದು ಕಪ್ಪೇ ಅಲ್ಲವೇ? ಆದರೂ ಕೌದಿ ಅವರ ಮೊಮ್ಮಗುವಿನದು, ಜಗಳ ಬೇಡ. ಕಡುನೀಲಿ ಹಾಕಿ.

ಪ್ರಶ್ನೆ: ದಡಿಯ ತುದಿಗೆ ಲೇಸು ಹಚ್ಚಿದರೆ?

ಉತ್ತರ: ಪರಕರಕ್ಕೆ ಹಚ್ಚಿ.

ಪ್ರಶ್ನೆ: ಗುಳೇದಗುಡ್ಡದ ಖಣದ (ಕುಪ್ಪಸದ ಬಟ್ಟೆಯ) ತುಂಡುಗಳಿವೆ, ಅದನ್ನೇ ದಡಿ ಮಾಡಬಹುದೇ? (ಬಾದಾಮಿ)

ಉತ್ತರ: ಗೋಡೆಗೆ ತೂಗುಹಾಕುವ ಕೌದಿಗೆ ಚಂದ. ಹೊದೆಯುವುದಕ್ಕೆ ಬೇಡ. ಬಿರುಸು, ಕುತ್ತಿಗೆಗೆ ಚುಚ್ಚುತ್ತದೆ, ತುಂಡು ಕೂಡಿಸಿದ ಕಡೆ ವಿನ್ಯಾಸ ಕೂಡದೆ ಕಾಣುತ್ತದೆ. ಖಣ ಇದ್ದರೆ ಕೂಸಿನ ತಲೆ, ಬೆನ್ನು ಮುಚ್ಚುವ ಕುಂಚಿಗೆ ಹೊಲಿಯಿರಿ.

ಪ್ರಶ್ನೆ: ನಮ್ಮಲ್ಲಿ ಕೆಲಸಕ್ಕೆ ಬರುವ ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಗಳು ಕೌದಿಯ ನಾಲ್ಕು ಮೂಲೆಗೆ ತ್ರಿಕೋನದ ತುಂಡು ಹಚ್ಚುತ್ತಾಳೆ. ಹಾಗೆ ಮಾಡದಿದ್ದರೆ ದೋಷವೇ? (ಬೆಳಗಾವಿ)

ಉತ್ತರ: ದೋಷದ ಮಾತು ನೀವು ಸೇರಿಸಿದ್ದು. ಆ ತ್ರಿಕೋನವನ್ನು ಸಿದ್ದಿ ಹೆಂಗಸರು ಫೂಲ ಅನ್ನುತ್ತಾರೆ, ಹೂವು. ಅದಿಲ್ಲದ ಕೌದಿ ಅವರಿಗೆ ಬತ್ತಲೆ ಇದ್ದಂತೆ. ಅವರ ಹೊಲಿಗೆ ಒಂದು ಮೂಲೆಯಿಂದ ಶುರುವಾಗಿ ಅಂಚು ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಯುತ್ತದೆ, ಅಂದರೆ ನಾವು ಕೊನೆಗೆ ತಲೆಕೆಡಿಸಿಕೊಳ್ಳುವ ಅಂಚು ಅವರಿಗೆ ಮೊದಲ ದಿನವೇ ಮುಗಿದಿರುತ್ತದೆ. ನನ್ನಜ್ಜಿಯೂ ಹೊರಗಿನಿಂದ ಒಳಗೇ ಹೊಲಿಯುತ್ತಿದ್ದಳು. ದಡಿ ಅಲೆ ಎದ್ದದ್ದನ್ನು ಆಕೆಯ ಕೌದಿಯಲ್ಲಿ ನಾನು ಕಂಡಿಲ್ಲ. ಆ ಹೆಣ್ಣುಮಗಳ ಹತ್ತಿರ ಕೂತು ನಾಲ್ಕು ದಿನ ಕಲಿಯಿರಿ, ಸುಮ್ಮನೆ ಕಲಿಯಬೇಡಿ, ಪಗಾರ ಕೊಡಿ.

ಪ್ರಶ್ನೆ: ದಡಿ ಹಾಕಲೇಬೇಕೇ?

ಉತ್ತರ: ಇಲ್ಲ. ನಾನು ಹೊದೆಯುವ ಕೌದಿಗೆ ದಡಿ ಇಲ್ಲ. ಅಸ್ತರವನ್ನು ಸುತ್ತಲೂ ಒಂದು ಇಂಚು ದೊಡ್ಡದು ಕತ್ತರಿಸಿ ಮುಂದಕ್ಕೆ ಮಡಚಿ ಹೊಲಿದಿದ್ದೇನೆ.