ಜೋಳ ಒಯ್ದವರ ಚೆಕ್ ಬೌನ್ಸ್ ಆಗಿದೆ, ವಂಚನೆ ಕೇಸ್ ಹಾಕಿದರೆ ಹಣ ಬರುತ್ತಾ?

ಪ್ರಶ್ನೆ: ನಾನು ಜಗಳೂರು ತಾಲೂಕಿನ ರೈತ. ದಾವಣಗೆರೆಯ ವ್ಯಾಪಾರಿಯೊಬ್ಬರು ಕಣಕ್ಕೇ ಬಂದು ಮೆಕ್ಕೆಜೋಳ ತೂಗಿಸಿಕೊಂಡು ಹೋದರು. ಕೊಟ್ಟ 2.40 ಲಕ್ಷದ ಚೆಕ್ ಬೌನ್ಸ್ ಆಯಿತು. ಠಾಣೆಯಲ್ಲಿ ‘ಇದು ಸಿವಿಲ್ ವ್ಯಾಜ್ಯ’ ಅಂದರು. ಈಗ ವ್ಯಾಪಾರಿ ರಾಜಿಗೆ ಹೇಳಿ ಕಳಿಸಿದ್ದಾರೆ. ಏನು ಮಾಡಲಿ?

ಉತ್ತರ: ರಾಜಿ ಮಾತು ಆಮೇಲೆ. ಮೊದಲು ಚೆಕ್ ವಾಪಸ್ ಆಯಿತೆಂಬ ಬ್ಯಾಂಕಿನ ಮೆಮೊ ನಿಮ್ಮ ಕೈಸೇರಿದ ತಾರೀಖು ನೋಡಿ. ಅಲ್ಲಿಂದ 30 ದಿನದೊಳಗೆ ವ್ಯಾಪಾರಿಗೆ ಲಿಖಿತ ನೋಟಿಸ್ ಹೋಗಬೇಕು, ವಕೀಲರ ಮೂಲಕ ಕಳಿಸಿದರೆ ಒಳ್ಳೆಯದು. ನೋಟಿಸ್ ತಲುಪಿ 15 ದಿನದಲ್ಲಿ ಹಣ ಬರದಿದ್ದರೆ, ಮುಂದಿನ ಒಂದು ತಿಂಗಳಲ್ಲಿ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138ರ (ಚೆಕ್ ಬೌನ್ಸ್) ದೂರು ಕೋರ್ಟಿನಲ್ಲಿ ಹಾಕಬೇಕು. ‘ನಾಳೆ ಕೊಡ್ತೀನಿ, ನಾಡಿದ್ದು ಕೊಡ್ತೀನಿ’ ಅನ್ನುವುದು ಎಷ್ಟೋ ಸಲ ಈ ದಿನಗಳನ್ನು ತಳ್ಳುವ ಉಪಾಯ ಅಷ್ಟೇ. ಗಡುವು ಮೀರಿದ್ದರೆ, ಚೆಕ್‌ನ 3 ತಿಂಗಳ ಅವಧಿ ಇನ್ನೂ ಉಳಿದಿದ್ದಲ್ಲಿ ಮತ್ತೆ ಬ್ಯಾಂಕಿಗೆ ಹಾಕಬಹುದು.

ಇನ್ನು ವಂಚನೆ. ಎಲ್ಲರ ಬಾಯಲ್ಲಿರುವ ಹಳೆಯ ಐಪಿಸಿಯ (ಭಾರತೀಯ ದಂಡ ಸಂಹಿತೆ) ‘420’ ಈಗ ಭಾರತೀಯ ನ್ಯಾಯ ಸಂಹಿತೆಯ 318(4). 2024ರ ಜುಲೈ 1ರ ನಂತರದ ಘಟನೆಗಳಿಗೆ ಇದೇ ಕಲಂ. ಗರಿಷ್ಠ ಶಿಕ್ಷೆ 7 ವರ್ಷ. ಪೊಲೀಸರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಕೊಡಬೇಕಾದ ಹಣ ಕೊಡದಿದ್ದ ಮಾತ್ರಕ್ಕೆ ಅದು ವಂಚನೆ ಆಗುವುದಿಲ್ಲ. ಮಾಲು ಎತ್ತುವಾಗಲೇ ಮೋಸದ ಉದ್ದೇಶ ಇತ್ತು ಅಂತ ತೋರಿಸಬೇಕು. ಚೆಕ್ ಬರೆದ ದಿನ ಖಾತೆಯೇ ಬಂದ್ ಆಗಿತ್ತಾ? ಅದೇ ವಾರ ಬೇರೆ ರೈತರಿಗೂ ಹೀಗೇ ಮಾಡಿದ್ದಾರಾ? ಎಪಿಎಂಸಿ ಲೈಸೆನ್ಸ್ ಇದೆ ಅಂತ ಸುಳ್ಳು ಹೇಳಿದ್ದರಾ? ಕೇಸ್ ನಿಲ್ಲುವುದು ಇಂಥ ಸಂಗತಿಗಳ ಮೇಲೆ. ತೂಕದ ಚೀಟಿ, ಲಾರಿ ನಂಬರ್, ವಾಟ್ಸ್‌ಆ್ಯಪ್ ಮಾತು ಎಲ್ಲ ಜೋಪಾನವಾಗಿಡಿ. ಇಷ್ಟಾದರೂ ಠಾಣೆಯಲ್ಲಿ ದೂರು ತಗೊಳ್ಳದಿದ್ದರೆ ಎಸ್‌ಪಿಯವರಿಗೆ ಲಿಖಿತವಾಗಿ ಕೊಡಿ. ಅಲ್ಲೂ ಆಗದಿದ್ದರೆ ಪ್ರಮಾಣಪತ್ರದ ಜೊತೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು.

ಎಫ್‌ಐಆರ್ ಆದ ಕೂಡಲೇ ಅರೆಸ್ಟ್ ಆಗುತ್ತೆ ಅಂತ ಕಾಯಬೇಡಿ. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಸಾಮಾನ್ಯವಾಗಿ ನೋಟಿಸ್ ಕೊಟ್ಟು ವಿಚಾರಣೆಗೆ ಕರೆಯುತ್ತಾರೆ. ಆಮೇಲೆ ಚಾರ್ಜ್‌ಶೀಟ್, ಸಾಕ್ಷಿ, ಪಾಟೀಸವಾಲು, ನಡುವೆ ವಾಯಿದೆ ಮೇಲೆ ವಾಯಿದೆ. ಸರ್ಕಾರಿ ವಕೀಲರು ಕೇಸ್ ನಡೆಸುತ್ತಾರೆ, ನೀವು ಸಾಕ್ಷಿ ಮಾತ್ರ. ಶಿಕ್ಷೆಯಾದರೂ ಅಪೀಲು ಇದ್ದೇ ಇರುತ್ತೆ. ಹಣ ವಸೂಲಿಗೆ ಸಿವಿಲ್ ದಾವೆ ಬೇರೆಯೇ ಹಾಕಬೇಕಾಗಬಹುದು, ಅದಕ್ಕೆ 3 ವರ್ಷದ ಮಿತಿ ಇದೆ.

ಅದಕ್ಕೇ ನನ್ನ ಪ್ರಕಾರ ನಿಮ್ಮಂಥವರಿಗೆ ರಾಜಿ ಕೆಟ್ಟದ್ದಲ್ಲ, ಆದರೆ ಕೋರ್ಟಿನೊಳಗೆ ಆಗಬೇಕು. ಚೆಕ್ ಕೇಸನ್ನು ಲೋಕ ಅದಾಲತ್‌ನಲ್ಲಿ ಮುಗಿಸಬಹುದು. ವಂಚನೆ ಕೇಸ್ ರಾಜಿಗೆ ನ್ಯಾಯಾಧೀಶರ ಅನುಮತಿ ಬೇಕು. ಒತ್ತಡ ಇಲ್ಲದೆ ಒಪ್ಪಿದ್ದೀರಾ ಅಂತ ಅವರು ನಿಮ್ಮನ್ನೇ ಕೇಳುತ್ತಾರೆ. ಹೊರಗೆ ಟೀ ಅಂಗಡಿಯಲ್ಲಿ ‘ಅರ್ಧ ಈಗ, ಅರ್ಧ ದೀಪಾವಳಿಗೆ, ಮೊದಲು ಸಹಿ ಹಾಕಿ’ ಅಂದರೆ ಸುಮ್ನೆ ಎದ್ದು ಬನ್ನಿ. ರಾಜಿ ಅರ್ಜಿಗೆ ಸಹಿ ಹಾಕುವ ದಿನವೇ ಪೂರ್ತಿ ಹಣದ ಡಿಡಿ ಕೈಗೆ ಬರಲಿ. ಕಂತು ಒಪ್ಪಿದರೆ ತಾರೀಖುಗಳನ್ನು ಲೋಕ ಅದಾಲತ್ ಆದೇಶದಲ್ಲೇ ಬರೆಸಿ. ಆ ಆದೇಶ ಸಿವಿಲ್ ಕೋರ್ಟಿನ ಡಿಕ್ರಿಗೆ (ತೀರ್ಪಿನ ಆಜ್ಞೆಗೆ) ಸಮ. ಕಂತು ತಪ್ಪಿದರೆ ಹೊಸ ದಾವೆ ಬೇಡ, ನೇರವಾಗಿ ಅಮಲ್ಜಾರಿ (ಆದೇಶವನ್ನು ಜಾರಿ ಮಾಡಿಸುವ) ಅರ್ಜಿ ಹಾಕಬಹುದು.